ಒಂದು ವಚನ ಮ್ಯಾಲಿಂದ

ನನ್ನ ಹೆಂಡತಿ ನರ್ಸು. ಊರಿಗೆಲ್ಲ ಆಕೆ ಸಿಸ್ಟರಮ್ಮ. ನಾನು ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುವವನು. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಆದರೂ ಈಕೆಯನ್ನು ನಾನು ಕಣ್ಣು ಬಿಟ್ಟು ನೋಡಿದ್ದು ಈಚಿನ ಮೂರ್ನಾಲ್ಕು ವರ್ಷಗಳಲ್ಲಿ ಎಂದರೆ ಮಗಳು ನಗುತ್ತಾಳೆ. ನಗಲಿ, ನಿಜ ಅದೇ.

ನಮ್ಮದು ಸಣ್ಣ ಕ್ರೈಸ್ತ ಸಭೆ. ತಗಡಿನ ಮಾಡಿನ ಒಂದು ಪ್ರಾರ್ಥನಾಲಯ, ನೆಲಕ್ಕೆ ಜಮಖಾನ, ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು. ಪಾಸ್ಟರು ಹಗರಿಬೊಮ್ಮನಹಳ್ಳಿಯಲ್ಲಿದ್ದಾರೆ. ಅಲ್ಲಿಯ ಆರಾಧನೆ ಮುಗಿಸಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಅವರು ಬರಲಾಗದ ಭಾನುವಾರ ಪ್ರಸಂಗ ಮಾಡಿ ಉಪದೇಶ ಹೇಳುವುದು, ಸಭೆಯ ವ್ಯವಹಾರ ನೋಡುವುದು, ಮನೆ ಜಗಳ ಬಿಡಿಸುವುದು ಎಲ್ಲ ಐದು ಮಂದಿ ಹಿರಿಯರ ಕೆಲಸ. ಆಗ ಐವರೂ ಗಂಡಸರು. ನಾನೂ ಅವರಲ್ಲಿ ಒಬ್ಬ. ನಮಗೆಲ್ಲ ದೊಡ್ಡವರು ನಿವೃತ್ತರಾದ ಒಬ್ಬ ಹೆಡ್‌ಮೇಷ್ಟ್ರು. ಸತ್ಯವೇದದ, ಅಂದರೆ ನಮ್ಮ ಬೈಬಲ್ಲಿನ, ಯಾವ ಅಧ್ಯಾಯ, ಯಾವ ವಚನ ಕೇಳಿದರೂ ಪುಟ ಹುಡುಕದೆ ತೆಗೆಯುತ್ತಿದ್ದರು. ಹೆಂಗಸರು ಕಸ ಹೊಡೆಯುತ್ತಿದ್ದರು, ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಅವರು ಮುಂದೆ ನಿಂತು ಮಾತಾಡಬಾರದೆಂದು ಯಾರೂ ಬರೆದಿಟ್ಟಿರಲಿಲ್ಲ. ಮಾತಾಡಲೇ ಎಂದು ಯಾರೂ ಕೇಳಿರಲೂ ಇಲ್ಲ.

ಹರಪನಹಳ್ಳಿ ಕಡೆಯ ಅರಸೀಕೆರೆಯ ಒಂದು ಹುಡುಗಿಯನ್ನು ನಮ್ಮ ಸಭೆಯ ಹುಡುಗನಿಗೆ ತಂದುಕೊಂಡಿದ್ದೆವು. ಅವನು ಟೆಂಪೋ ಓಡಿಸುತ್ತಾನೆ. ಮದುವೆಯ ದಿನ ಅವಳಿಗೆ ತಲೆ ಬಾಚಿ ಹೂ ಮುಡಿಸಿದವಳು ನನ್ನ ಹೆಂಡತಿಯೇ. ವರ್ಷ ಕಳೆದಿರಬೇಕು, ಒಂದು ಮಧ್ಯಾಹ್ನ ಆ ಹುಡುಗಿ ಬಾತ ಕೈ ಹಿಡಿದುಕೊಂಡು ಆಸ್ಪತ್ರೆಗೆ ಬಂದಳಂತೆ. "ಬಚ್ಚಲದಾಗ ಜಾರಿ ಬಿದ್ದೆ ಅಕ್ಕಾ" ಎಂದಳಂತೆ. ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಎದ್ದು ಕಾಣುತ್ತಿತ್ತು. ಪಟ್ಟಿ ಹಾಕಿಸಿಕೊಂಡವಳು ಗಂಡನ ಮನೆಗೆ ಹೋಗದೆ ನೇರ ತವರಿಗೆ ಹೋದಳು.

ಎಂಟು ದಿನ ಬಿಟ್ಟು ಅವಳ ಗಂಡ ಹಿರಿಯರ ಮುಂದೆ ಬಂದ. "ನನ್ನ ಹೇಣ್ತಿನ ಕರಸಿಕೊಡ್ರಿ" ಎಂದ. ಆ ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಐವರೂ ಕುರ್ಚಿ ಹಾಕಿಕೊಂಡು ಕೂತೆವು. ನನ್ನ ಹೆಂಡತಿ, ಇನ್ನಿಬ್ಬರು ಹೆಂಗಸರು ಬಾಗಿಲ ಬಳಿ ನಿಂತಿದ್ದರು. ಮೇಷ್ಟ್ರು ಕನ್ನಡಕ ಏರಿಸಿ, ಅಪೊಸ್ತಲರು ಸಭೆಗೆ ಬರೆದ ಪತ್ರದಿಂದ ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕು ಎನ್ನುವ ಭಾಗವನ್ನು ಓದಿದರು. ಪುಸ್ತಕ ಮುಚ್ಚಿ, "ಇದರಾಗ ಚರ್ಚಿ ಮಾಡೋದೇನೈತಿ? ನಾಳಿ ಹೋಗಿ ಕರ್ಕೊಂಡು ಬರೋಣ" ಎಂದರು.

"ಮೇಷ್ಟ್ರೇ, ಒಂದು ವಚನ ಮ್ಯಾಲಿಂದ ಓದ್ರಿ."

ಬಾಗಿಲ ಕಡೆಯಿಂದ ಬಂದ ದನಿ ನನ್ನ ಹೆಂಡತಿಯದೆಂದು ತಿಳಿಯಲು ನನಗೇ ಒಂದು ಗಳಿಗೆ ಬೇಕಾಯಿತು.

"ಏನಂದಿ ತಾಯಿ?"

"ನೀವು ಓದಿದ್ದರ ಮ್ಯಾಲೆ ಇನ್ನೊಂದು ವಚನ ಐತಲ್ರಿ, ಅದನ್ನ ಬಿಟ್ರಿ. ಅಲ್ಲಿಂದ ಓದ್ರಿ ಅಂದೆ."

ನನ್ನ ಪುಸ್ತಕ ತೊಡೆಯ ಮೇಲೆ ತೆರೆದೇ ಇತ್ತು. ಕಣ್ಣು ಹಾಯಿಸಿದೆ. ಒಬ್ಬರಿಗೊಬ್ಬರು ಬಗ್ಗಿ ನಡೆಯಬೇಕು ಎನ್ನುವ ಮಾತು ಅಲ್ಲಿತ್ತು. ಗಂಡನಿಗೂ ಹೆಂಡತಿಗೂ, ಎಲ್ಲರಿಗೂ ಸೇರಿ ಹೇಳಿದ ಮಾತು. ಎಷ್ಟು ಮದುವೆಗಳಲ್ಲಿ ನಾನೇ ಆ ಅಧ್ಯಾಯ ಓದಿದ್ದೆ! ಪ್ರತಿ ಸಲವೂ ಅದರ ಕೆಳಗಿನಿಂದಲೇ ಶುರುಮಾಡಿದ್ದೆ.

ಮೇಷ್ಟ್ರ ಮುಖ ಬಿಗಿಯಿತು. "ಸಭಿಯಾಗ ಹೆಂಗಸರು ಸುಮ್ಮನಿರಬೇಕು ಅಂತ ಅದೇ ಅಪೊಸ್ತಲ ಬರದಾರ, ಗೊತ್ತೈತೇನು?"

"ಬರದಾರ್ರಿ. ತಮ್ಮ ಜೋಡಿ ದುಡಿದ ಹೆಂಗಸರ ಹೆಸರು ಹಿಡಿದು ವಂದನಿ ಹೇಳಿದೋರೂ ಅವರೇ. ಅದು ಇರ್ಲಿ. ಆ ಹುಡುಗಿ ಆಮ್ಯಾಲೆ ಫೋನ್ ಮಾಡಿ ಎಲ್ಲಾ ಹೇಳ್ಯಾಳ, ಹಿರಿಯರಿಗೂ ಹೇಳು ಅಂದಾಳ, ಅದಕ್ಕ ಹೇಳ್ತೀನಿ. ಆಕಿ ಜಾರಿ ಬಿದ್ದಿಲ್ಲ. ಕೈ ತಿರುವಿ ಮುರದಾರ."

ಹುಡುಗ ತಲೆ ತಗ್ಗಿಸಿದ. ಮೇಷ್ಟ್ರು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಿಮ್ಮ ಮನಿಯವ್ರಿಗೆ ನೀವಾದ್ರೂ ಹೇಳ್ರಿ."

ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಹೇಳಿದೆ: "ಸಾಕು, ನೀ ಮನಿಗೆ ನಡಿ."

ಅವಳು ಸಿಟ್ಟಾಗಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ನಾಡಿ ಹಿಡಿದಾಗ ನೋಡುವ ಹಾಗೆ ನನ್ನನ್ನು ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾನು ಮನೆಗೆ ಬಂದರೆ ಬೀಗ. ಸಂಜೆ ಫೋನ್ ಬಂತು. "ಅರಸೀಕೆರಿಗೆ ಬಂದೀನಿ, ಹುಡುಗಿ ಹತ್ರ. ಸಾರು ಐತಿ, ಅನ್ನ ಒಂದು ಮಾಡ್ಕೊರ್ರಿ. ನಾಳಿ ನೀವೆಲ್ಲಾ ಬರ್ತೀರಂತಲ್ಲ, ಬರ್ರಿ."

ಮರುದಿನ ಬೆಳಿಗ್ಗೆ ಹುಡುಗನ ಟೆಂಪೋದಲ್ಲೇ ಹೋದೆವು. ಮುಂದೆ ಮೇಷ್ಟ್ರು, ಹಿಂದೆ ನಾನು ಮತ್ತೆ ಇನ್ನೊಬ್ಬ ಹಿರಿಯರು. ಹುಡುಗಿಯ ತವರಿನ ಅಂಗಳದಲ್ಲಿ ಎರಡು ಮೇಕೆ ಕಟ್ಟಿದ್ದರು. ಕಟ್ಟೆಯ ಮೇಲೆ ಹುಡುಗಿ, ಪಕ್ಕದಲ್ಲಿ ನನ್ನ ಹೆಂಡತಿ. "ಬರ್ರಿ, ಮೊದಲು ನೀರು ಕುಡೀರಿ" ಎಂದು ತಾನೇ ಚೊಂಬು ತಂದು ಕೊಟ್ಟಳು. ನಾವು ನೀರು ಕುಡಿದ ಮೇಲೆ ಹುಡುಗನಿಗೆ ಹೇಳಿದಳು:

"ತಮ್ಮಾ, ನಾ ಮನಿಗೆ ತಲಿ, ನಾ ಹೇಳಿದಂಗ ಆಗಬೇಕು ಅಂತ ಆಕಿಗೆ ಅಂತಿದ್ದಿಯಂತ. ಹೌದೇನು?"

ಅವನು ಟೆಂಪೋದ ಕೀ ಜೇಬಿಗೆ ಹಾಕಿ ನೆಲ ನೋಡಿದ.

"ಗಂಡ ತಲಿ, ಹೆಂಡ್ತಿ ಮೈ ಅಂತ ನಾನೂ ಓದೀನಿ. ಯಾವ ತಲಿ ತನ್ನ ಕೈನ ತಾನೇ ಮುರಕೊಂತೈತಪ್ಪಾ?"

ಅವಳು ದನಿ ಏರಿಸಲಿಲ್ಲ. ಸೂಜಿ ಚುಚ್ಚುವ ಮೊದಲು ಮಗುವಿಗೆ ಹೇಳುತ್ತಾರಲ್ಲ, ಅಷ್ಟು ಮೆತ್ತಗೆ ಕೇಳಿದಳು. ಹುಡುಗ ಹಾಗೇ ನೆಲಕ್ಕೆ ಕುಕ್ಕರಿಸಿ ಮುಖ ಮುಚ್ಚಿಕೊಂಡ. ಇಪ್ಪತ್ತು ವರ್ಷ ಹಿರಿಯನಾಗಿ ನಾನು ಎಷ್ಟೋ ಪ್ರಸಂಗ ಮಾಡಿದ್ದೇನೆ. ಒಂದೇ ಮಾತಿಗೆ ಹೀಗೆ ಒಬ್ಬ ಮನುಷ್ಯ ಕುಸಿದು ಕೂತದ್ದನ್ನು ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ಎದ್ದು ಹೆಂಡತಿಯ ಕಡೆ ಬಂದ. ಪಟ್ಟಿ ಕಟ್ಟಿದ ಕೈ ಮುಟ್ಟಲು ಬಗ್ಗಿದ. ಹುಡುಗಿ ಹಿಂದೆ ಸರಿದಳು. ನನ್ನ ಹೆಂಡತಿ ಅಡ್ಡ ಕೈಯಿಟ್ಟು, "ಆಕಿ ಬ್ಯಾಡ ಅಂತಾಳ. ಹಂಗಾರ ಬ್ಯಾಡ" ಎಂದಳು. ಆಗ ಮೇಷ್ಟ್ರು, ಬಂದ ಮೇಲೆ ಮೊದಲ ಸಲ, ಬಾಯಿ ತೆರೆದರು.

"ನಿನಗೇನು ಬೇಕವ್ವಾ?"

ಅಲ್ಲಿಯ ತನಕ ಆ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

"ನಾ ಬರಂಗಿಲ್ರಿ" ಎಂದಳು ಹುಡುಗಿ.

ಅವಳನ್ನು ಬಿಟ್ಟೇ ವಾಪಸ್ಸಾದೆವು. ಆಮೇಲೂ ಅವಳು ಬರಲಿಲ್ಲ. ಈಗ ಹರಪನಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು ಬ್ಲೌಸು ಹೊಲಿಯುತ್ತಾಳೆ, ಚೆನ್ನಾಗಿದ್ದಾಳೆ. ವಾಪಸ್ ಬರುವಾಗ ಟೆಂಪೋದಲ್ಲಿ ಮೇಷ್ಟ್ರು ಹಿಂದೆ ತಿರುಗಿ ನನಗೆ ಇಷ್ಟೇ ಹೇಳಿದರು: "ಇವತ್ತು ಸಿಸ್ಟರಮ್ಮ ಹೇಳಿದ್ದು ಖರೇ. ಆದ್ರ ಮದುವಿ ಮಾತು ಬ್ಯಾರೆ, ಸಭಿ ಮಾತು ಬ್ಯಾರೆ."

ಆ ದಿನ ಸಂಜೆ ನಾನು ಹೆಂಡತಿಗೆ, "ನಿನ್ನೆ ನಾ ಹಂಗ ಅನಬಾರದಿತ್ತು" ಎಂದೆ.

"ಅಂದ್ರಲ್ಲ" ಎಂದಳು. ಆ ಒಂದು ಮಾತು ಬಹಳ ದಿನ ನನ್ನ ಜೊತೆ ಅಂಗಡಿಗೆ ಬಂತು. ಸುಟ್ಟ ಮೋಟರಿನಿಂದ ತಂತಿ ಬಿಚ್ಚುತ್ತಾ ನಾನು ಆ ಅಧ್ಯಾಯವನ್ನು ಮನಸ್ಸಿನಲ್ಲೇ ಮೇಲಿನಿಂದ ಓದುತ್ತಿದ್ದೆ.

ಮುಂದಿನ ವರ್ಷ ಹಿರಿಯರ ಆಯ್ಕೆಯ ಹೊತ್ತಿಗೆ ನಾನು ಎದ್ದು ನಿಂತು ಹೆಂಡತಿಯ ಹೆಸರು ಹೇಳಿದೆ. ಗಲಾಟೆ ಎದ್ದಿತು. ಹೆಂಡತಿಯ ಮಾತಿಗೆ ಕುಣಿಯುತ್ತಾನೆ ಎಂದು ಒಬ್ಬರು ನನ್ನೆದುರೇ ಅಂದರು. ಮೇಷ್ಟ್ರು ಶಾಂತವಾಗಿ ವಿರೋಧಿಸಿದರು, ವಚನ ಎತ್ತಿ ಎತ್ತಿ ವಾದ ಮಾಡಿದರು. ಅವರು ಪ್ರಾಮಾಣಿಕರು, ಅದರಲ್ಲಿ ನನಗೆ ಯಾವತ್ತೂ ಅನುಮಾನವಿಲ್ಲ. ಪಾಸ್ಟರು, "ನಮ್ಮ ಮೇಲಿನವರು ಬೇಡ ಅಂದಿಲ್ಲ, ನೀವೇ ನಿರ್ಧಾರ ಮಾಡಿ" ಎಂದರು. ಕಡೆಗೆ ಕೈ ಎತ್ತಿಸಿದಾಗ ಹೆಂಗಸರ ಸಾಲು ಪೂರ್ತಿ ಎತ್ತಿತು, ಗಂಡಸರಲ್ಲಿ ಕೆಲವರು ಎತ್ತಿದರು. ಮೇಷ್ಟ್ರು ಎತ್ತಲಿಲ್ಲ. ಅವಳು ಆಯ್ಕೆಯಾದಳು. ಎರಡು ಮನೆಯವರು ನಮ್ಮನ್ನು ಬಿಟ್ಟು ಹೊಸಪೇಟೆಯ ಬೇರೆ ಸಭೆಗೆ ಹೋದರು. ಅವರಲ್ಲೊಬ್ಬ ನನ್ನ ಬಾಲ್ಯದ ಗೆಳೆಯ. ಈಗಲೂ ನನ್ನ ಜೊತೆ ಮಾತಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಪಾಸ್ಟರಿಗೆ ಜ್ವರ. ಪ್ರಸಂಗದ ಸರದಿ ಅವಳದು. ಹೆಂಗಸರು ಪ್ರಸಂಗ ಮಾಡಿದ ದಿನ ತಾವು ಎದ್ದು ಹೋಗುವುದಾಗಿ ಮೇಷ್ಟ್ರು ಮೊದಲೇ ಹೇಳಿದ್ದರು. ಆದರೂ ಬಂದಿದ್ದರು, ಬಾಗಿಲ ಹತ್ತಿರ ಕೂತಿದ್ದರು. ಅವಳು ಆಸ್ಪತ್ರೆಯ ಬಿಳಿ ಸೀರೆಯಲ್ಲೇ ಬಂದು ಮುಂದೆ ನಿಂತಳು. ಕೈಯಲ್ಲಿ ಚೀಟಿಯಿಲ್ಲ. ಬೆಳಕು ಹರಿಯುವ ಮೊದಲೇ ಶಿಲುಬೆಗೇರಿದ ಸ್ವಾಮಿಯ ಸಮಾಧಿಗೆ ಹೋದ ಹೆಂಗಸರ ಬಗ್ಗೆ ಹೇಳಿದಳು. ಗಂಡಸರು ಬಾಗಿಲು ಹಾಕಿಕೊಂಡು ಒಳಗಿದ್ದ ಹೊತ್ತಿನಲ್ಲಿ ಸ್ವಾಮಿ ಜೀವಂತ ಎದ್ದ ಸುದ್ದಿ ಮೊದಲು ಯಾರಿಗೆ ಸಿಕ್ಕಿತು, ಯಾರು ಓಡಿ ಬಂದು ಹೇಳಿದರು, ಅವರ ಮಾತನ್ನು ಯಾರು ನಂಬಲಿಲ್ಲ ಎಂದು, ಪಕ್ಕದ ಮನೆಯ ವಿಷಯ ಹೇಳಿದ ಹಾಗೆ ಹೇಳಿದಳು. ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಅವಳು ದನಿ ಏರಿಸಲಿಲ್ಲ, ನಾವೇ ಮುಂದೆ ಮುಂದೆ ಸರಿದು ಕೂತೆವು. ಮೇಷ್ಟ್ರು ಕೂಡ ಎದ್ದು ಹೋಗಲಿಲ್ಲ.

ಮುಗಿದ ಮೇಲೆ ಮೇಷ್ಟ್ರ ಹೆಂಡತಿ ಮೆಲ್ಲಗೆ ಎದ್ದು ಮುಂದೆ ಬಂದರು. ಅವರಿಗೆ ಆ ವಾರ ದಾವಣಗೆರೆಯಲ್ಲಿ ಹೃದಯದ ಆಪರೇಷನ್ ಇತ್ತು. "ನನ್ನ ಸಲುವಾಗಿ ಪ್ರಾರ್ಥನಿ ಮಾಡವ್ವಾ" ಎಂದರು. ನನ್ನ ಹೆಂಡತಿ ಅವರ ತಲೆಯ ಮೇಲೆ ಕೈಯಿಟ್ಟಳು. ಬಾಗಿಲ ಕಡೆಯಿಂದ ಮೇಷ್ಟ್ರು ಎದ್ದರು. ಹೊರಗೆ ಹೋಗುತ್ತಾರೆ ಅಂದುಕೊಂಡೆ. ಜಮಖಾನದ ನಡುವೆ ನಿಧಾನ ನಡೆದು ಬಂದು, ಹೆಂಡತಿಯ ಪಕ್ಕದಲ್ಲಿ ನಿಂತು, ತಾವೂ ತಲೆ ತಗ್ಗಿಸಿದರು. ನನಗೆ ಕಣ್ಣು ಮುಚ್ಚಲಾಗಲಿಲ್ಲ. ಮುಚ್ಚಿದರೆ ಇದು ಇಲ್ಲವಾಗಿಬಿಡುತ್ತದೇನೋ ಅನ್ನಿಸಿತು.

ಮೇಷ್ಟ್ರು ತಮ್ಮ ಅಭಿಪ್ರಾಯ ಬದಲಾಯಿಸಿದೆ ಎಂದು ಈವರೆಗೂ ಹೇಳಿಲ್ಲ. ನಾವು ಯಾರೂ ಕೇಳಿಲ್ಲ. ಅವರ ಹೆಂಡತಿ ಹುಷಾರಾಗಿ ಮನೆಗೆ ಬಂದರು.

ಆ ದಿನ ಮಳೆ ನಿಂತ ಮೇಲೆ ಸ್ಕೂಟರಿನಲ್ಲಿ ಮನೆಗೆ ಹೊರಟೆವು. ಹಿಂದೆ ಕೂತವಳು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಕಾಲು ಎಷ್ಟು ನಡುಗ್ತಿದ್ವು ಗೊತ್ತೇನ್ರೀ? ಬಿದ್ದೇ ಬಿಡ್ತೀನಿ ಅನ್ಕೊಂಡಿದ್ದೆ."

ನಾನು ಎರಡನೇ ಸಾಲಿನಲ್ಲಿ ಕೂತು ಅವಳನ್ನೇ ನೋಡುತ್ತಿದ್ದೆ. ನನಗೆ ಎಲ್ಲೂ ನಡುಕ ಕಂಡಿರಲಿಲ್ಲ. ಹಾಗೆಂದು ಹೇಳಿದೆ.

"ನಿಮಗ ಯಾವಾಗ ಕಂಡೈತಿ?" ಎಂದು ನಕ್ಕಳು.