ಊರ ಫೋಟೋದಲ್ಲೊಂದು ಖಾಲಿ ಜಾಗ

ಫೋಟೋ ತೆಗೆಸಿಕೊಳ್ಳುವುದೆಂದರೆ ನನಗೆ ಮೊದಲಿನಿಂದಲೂ ಭಯ. ಹಲ್ಲು ಕೀಳಿಸಿಕೊಳ್ಳುವುದೇ ವಾಸಿ. ಅಲ್ಲಿ ಬಾಯಿ ತೆರೆಯಬೇಕೋ ಮುಚ್ಚಬೇಕೋ ಎಂಬ ಗೊಂದಲವಾದರೂ ಇರುವುದಿಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಕೂಡ ನಾನು ಮನೆಯ ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿರುವವನ ಹಾಗೆಯೇ ಕಾಣುತ್ತೇನೆ. ನಿಜ ಹೇಳಬೇಕೆಂದರೆ, ಅದನ್ನೇ ಯೋಚಿಸುತ್ತಿದ್ದೆ. ಇಂಥವನು ಬಂದು ಸೇರಿಕೊಂಡದ್ದು, ವರ್ಷಕ್ಕೊಮ್ಮೆ ಇಡೀ ಊರಿಗೆ ಊರೇ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವ ಊರಿಗೆ.

ಊರು ಇಂಗ್ಲೆಂಡಿನ ನಟ್ಟನಡುವೆ ಇದೆ. ಬರ್ಮಿಂಗ್‌ಹ್ಯಾಮಿನಿಂದ ಲಫ್‌ಬರೋ ಕಡೆಗೆ ಹೋಗುವಾಗ ದಾರಿ ತಪ್ಪಿದರೆ ಸಿಗುತ್ತದೆ. ಬೇಕೆಂದು ಹುಡುಕಿಕೊಂಡು ಬರುವವರು ಕಡಿಮೆ. ಆದರೆ ಒಂದಾನೊಂದು ಕಾಲದಲ್ಲಿ ಇಡೀ ಕೌಂಟಿಗೆ ಇದೇ ಮುಖ್ಯ ಪಟ್ಟಣವಾಗಿತ್ತಂತೆ. ನಮ್ಮ ಲೆಕ್ಕದಲ್ಲಿ ಜಿಲ್ಲಾ ಕೇಂದ್ರ. ನ್ಯಾಯಾಧೀಶರು ಸಾರೋಟಿನಲ್ಲಿ ಬಂದು ಇಳಿಯುತ್ತಿದ್ದರು. ಅವರ ಕೃತಕ ಕೂದಲನ್ನು ಒಪ್ಪ ಮಾಡಲೆಂದೇ ಎರಡು ಅಂಗಡಿಗಳಿದ್ದವು. ಆಮೇಲೆ ರೈಲು ಬರುವ ಸುದ್ದಿ ಬಂತು. ಹೊಗೆಯಿಂದ ಕುರಿಗಳಿಗೆ ಕೆಮ್ಮು ಬರುತ್ತದೆ ಎಂದು ಊರಿನ ಹಿರಿಯರು ಚಿಂತೆ ಮಾಡಿ ಬೇಡವೆಂದರು. ರೈಲು ಪಕ್ಕದ ಊರಿಗೆ ಹೋಯಿತು, ಅದರ ಹಿಂದೆಯೇ ಕಚೇರಿಗಳು, ವಕೀಲರು, ಕೂದಲಿನ ಅಂಗಡಿಯವರು ಎಲ್ಲರೂ ಹೋದರು. ಈ ಕತೆ ಮೊದಲ ಸಲ ಕೇಳಿದಾಗಲೇ ನನಗೆ ಊರಿನ ಮೇಲೆ ಮಮತೆ ಹುಟ್ಟಿತು. ಅತಿಯಾಗಿ ಚಿಂತೆ ಮಾಡಿ ಕೆಟ್ಟವರನ್ನು ಕಂಡರೆ ನನಗೆ ಒಂದು ಥರ ನೆಂಟಸ್ತನ.

ನಮ್ಮ ಕಡೆ ಜಿಲ್ಲಾ ಕೇಂದ್ರ ಕೈತಪ್ಪಿದರೆ ಬಂದ್ ಮಾಡುತ್ತಾರೆ, ಟೈರು ಸುಡುತ್ತಾರೆ. ಇಲ್ಲಿಯವರು ಹಾಗೇನೂ ಮಾಡಿದಂತೆ ಕಾಣುವುದಿಲ್ಲ. ಪಬ್ಬಿಗೆ, ಬಟ್ಟೆ ಒಗೆಯುವ ಅಂಗಡಿಗೆ, ಮೀನು ಕರಿಯುವ ಅಂಗಡಿಗೆ ಎಲ್ಲಕ್ಕೂ 'ಕೌಂಟಿ' ಎಂದು ಹೆಸರಿಟ್ಟು ಸುಮ್ಮನಾದರು. ನ್ಯಾಯಾಲಯದ ಕಟ್ಟಡ ಮಾತ್ರ ಹಾಗೇ ನಿಂತಿದೆ, ಮಕ್ಕಳೆಲ್ಲ ಪರವೂರಿಗೆ ಹೋದ ಮೇಲೂ ಹಳೇ ದೊಡ್ಡ ಪಾತ್ರೆಯಲ್ಲೇ ಸಾರು ಮಾಡುವವರ ಹಾಗೆ. ಅದರೊಳಗೆ ಈಗ ವಾರಕ್ಕೆರಡು ದಿನ ಚಹಾ, ಕೇಕು. ಅದರ ಮೆಟ್ಟಿಲ ಮೇಲೆಯೇ ಸೆಪ್ಟೆಂಬರಿನ ಒಂದು ಭಾನುವಾರ ಊರಿನ ಫೋಟೋ.

ಫೋಟೋ ತೆಗೆಯುವವನು ಕೀತ್. ಮುಚ್ಚಿಹೋದ ಶಾಲೆಯ ಕೊನೆಯ ಹೆಡ್‌ಮಾಸ್ಟರು, ಊರಿನ ಇತಿಹಾಸವನ್ನು ತಲೆಯಲ್ಲಿಟ್ಟುಕೊಂಡಿರುವ ಮನುಷ್ಯ. ಏಣಿ ಹತ್ತಿ, ತಲೆ ಎಣಿಸಿ, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೂಗಿ ಹೇಳುತ್ತಾನೆ. 'ಕಡಿಮೆ!' ಎಂದರೆ ಎಲ್ಲರೂ 'ಓ...' ಎಂದು ರಾಗ ಎಳೆಯುತ್ತಾರೆ. ನಾನು ಬಂದಾಗಿನಿಂದ ಹೆಚ್ಚಾಗಿ ಆ ರಾಗವನ್ನೇ ಕೇಳಿದ್ದೇನೆ.

ನಾವು ಬಂದದ್ದು ನನ್ನ ಹೆಂಡತಿ ವಸುಧಾಳ ಕೆಲಸದ ದೆಸೆಯಿಂದ. ಧಾರವಾಡದ ಹುಡುಗಿ, ಇಲ್ಲಿಯ ಸರ್ಜರಿಯಲ್ಲಿ, ಎಂದರೆ ಊರಿನ ದವಾಖಾನೆಯಲ್ಲಿ, ಡಾಕ್ಟರು. ನಾನು ಬೆಂಗಳೂರಿನ ರಾಜಾಜಿನಗರದವನು, ಸಾಫ್ಟ್‌ವೇರು. ಎಲ್ಲಿ ಕೂತರೂ ಒಂದೇ. ಮಗಳು ಅನಘಾ ಆಗ ಚಿಕ್ಕವಳು. ಮೊದಲ ವರ್ಷದ ಫೋಟೋಗೆ ನಾವು ತಡವಾಗಿ ಹೋದೆವು. ಅರ್ಧ ದಾರಿಯಿಂದ ನಾನು ಗ್ಯಾಸ್ ನೋಡಿ ಬರಲು ವಾಪಸು ಹೋಗಿದ್ದೆ. ಆ ಮನೆಯಲ್ಲಿ ಇದ್ದದ್ದು ಕರೆಂಟಿನ ಒಲೆ ಎಂಬುದು ಬಾಗಿಲು ತೆಗೆದ ಮೇಲೆ ನೆನಪಾಯಿತು. ಮೆಟ್ಟಿಲ ಹತ್ತಿರ ಬಂದರೆ ಸಾಲುಗಳೆಲ್ಲ ಭರ್ತಿ. ನಾನು ಕಂಬದ ಪಕ್ಕದಲ್ಲಿ ಮುದುಡಿ ನಿಂತೆ.

"ಅಲ್ಯಾಕ ನಿಂತೀರಿ, ಕಳ್ಳರ ಹಂಗ?" ಎಂದಳು ವಸುಧಾ. "ಅಲ್ಲೆ ನೋಡ್ರಿ, ನಡುವ ಎಷ್ಟು ಜಾಗಾ ಅದ! ಬರ್ರಿ ಲಗೂನ."

ನಿಜ, ಎರಡನೇ ಸಾಲಿನ ನಡುವೆ ಒಬ್ಬ ದಪ್ಪ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ ಇತ್ತು. ಸಿಟಿ ಬಸ್ಸಿನಲ್ಲಿ ಬೆಳೆದವರಿಗೆ ಇದರಲ್ಲಿ ಯೋಚಿಸುವುದೇನೂ ಇರುವುದಿಲ್ಲ. ಜಾಗ ಖಾಲಿ ಇದ್ದರೆ ನಿಲ್ಲಬೇಕು. ನಾವು ನಿಲ್ಲದಿದ್ದರೆ ಇನ್ನೊಬ್ಬರು ನಿಲ್ಲುತ್ತಾರೆ. ಇಬ್ಬರೂ ನಿಲ್ಲದಿದ್ದರೆ ಕಂಡಕ್ಟರು ಬೈಯುತ್ತಾನೆ. 'ಎಕ್ಸ್‌ಕ್ಯೂಸ್ ಮಿ' ಎನ್ನುತ್ತಾ ನುಗ್ಗಿದೆವು. ಅನಘಾಳನ್ನು ಮುಂದಕ್ಕೆ ನಿಲ್ಲಿಸಿಕೊಂಡೆವು. ಇಡೀ ಊರು ಒಂದು ಕ್ಷಣ ಮೌನವಾಯಿತು. ಅದನ್ನು ನಾನು ವಸುಧಾಳ ಇಳಕಲ್ ಸೀರೆಗೆ ಸಂದ ಗೌರವ ಎಂದುಕೊಂಡೆ. ಪಕ್ಕದಲ್ಲಿದ್ದ, ಬಿಳಿ ಕೂದಲಿನ ಡೊರೊತಿ ಎಂಬ ಹೆಂಗಸು ನಮ್ಮನ್ನು ನೋಡಿದಳು. ನೋಡಿ, ಮೊಣಕೈಯನ್ನು ಒಳಕ್ಕೆ ಎಳೆದುಕೊಂಡಳು. ಏಣಿಯ ಮೇಲಿಂದ ಕೀತ್ "ಹೆಚ್ಚು!" ಎಂದು ಕೂಗಿದ. ಚಪ್ಪಾಳೆ ಬಿತ್ತು.

ಆ ಜಾಗ ಯಾಕೆ ಖಾಲಿ ಇತ್ತೆಂದು ತಿಳಿದದ್ದು ಆ ಚಳಿಗಾಲದಲ್ಲಿ, ಕೀತ್ ಹಳೇ ಫೋಟೋಗಳನ್ನು ಪರದೆಯ ಮೇಲೆ ತೋರಿಸಿ ಊರಿನ ಇತಿಹಾಸ ಹೇಳಿದ ದಿನ. ಯುದ್ಧದ ನಂತರದ ಫೋಟೋ ಒಂದರಲ್ಲಿ ಸಾಲುಗಳ ನಡುವೆ ಉದುರಿದ ಹಲ್ಲಿನ ಹಾಗೆ ಅಲ್ಲಲ್ಲಿ ಸಂದು. ಊರಿನಲ್ಲಿ ಯಾರಾದರೂ ಸತ್ತರೆ ಅದರ ನಂತರದ ಫೋಟೋದಲ್ಲಿ ಅವರು ನಿಲ್ಲುತ್ತಿದ್ದ ಜಾಗವನ್ನು ಹಾಗೇ ಬಿಡುತ್ತಾರಂತೆ. ಒಂದು ವರ್ಷ ಮಾತ್ರ. ಮುಂದಿನ ವರ್ಷ ಎಲ್ಲರೂ ಸರಿದು ಸಾಲು ಕೂಡಿಸುತ್ತಾರೆ. "ಊರು ಬಿಟ್ಟು ಹೋದವರಿಗೆ ಬಿಡುವುದಿಲ್ಲ," ಎಂದ ಕೀತ್, ಹೆಡ್‌ಮಾಸ್ಟರ ದನಿಯಲ್ಲಿ. "ಸತ್ತವರಿಗೆ ಮಾತ್ರ."

ವಸುಧಾ ನನ್ನ ತೊಡೆ ಚಿವುಟಿದಳು. ನಾವು ನಿಂತದ್ದು ಡೊರೊತಿಯ ಗಂಡ ಬಿಲ್ಲನ ಜಾಗದಲ್ಲಿ.

ನಾನು ಆ ರಾತ್ರಿಯೇ ಮನೆ ಮಾರಿ ಬೇರೆ ಕೌಂಟಿಗೆ ಹೋಗುವ ಯೋಚನೆ ಮಾಡಿದೆ. ವಸುಧಾ ಮಾರನೆಯ ದಿನ ಶೇಂಗಾ ಹೋಳಿಗೆ ಕಟ್ಟಿಕೊಂಡು ಡೊರೊತಿಯ ಮನೆಗೆ ಹೋದಳು. ಡೊರೊತಿ ಕ್ಷಮೆ ಕೇಳಲು ಬಿಡಲೇ ಇಲ್ಲವಂತೆ. "ಅಯ್ಯೋ ಬಿಡು ಡಕ್," ಎಂದಳಂತೆ. ಈ ಕಡೆಯವರು ಎಲ್ಲರನ್ನೂ ಡಕ್ ಎಂದೇ ಕರೆಯುತ್ತಾರೆ, ಬಾತುಕೋಳಿ ಎಂಬ ಅರ್ಥದಲ್ಲಿ ಅಲ್ಲ, ಪ್ರೀತಿಗೆ. "ನಮ್ಮ ಬಿಲ್‌ಗೆ ಪಕ್ಕದ ಜಾಗ ಖಾಲಿ ಇದ್ದರೆ ಆಗುತ್ತಿರಲಿಲ್ಲ. ಬಸ್ಸಿನಲ್ಲೂ ಯಾರನ್ನಾದರೂ ಕರೆದು ಕೂರಿಸಿಕೊಂಡು ಹರಟುತ್ತಿದ್ದ."

ಇದು ಶುದ್ಧ ಸುಳ್ಳೆಂದು ಆಮೇಲೆ ಕೀತ್ ಹೇಳಿದ. ಬಿಲ್ ಯಾರ ಜೊತೆಗೂ ಮಾತಾಡಿದವನೇ ಅಲ್ಲ. ಪಬ್ಬಿನಲ್ಲಿ ಪಕ್ಕದ ಕುರ್ಚಿಯ ಮೇಲೆ ಟೋಪಿ ಇಟ್ಟುಕೊಂಡು ಕೂರುತ್ತಿದ್ದನಂತೆ.

ಅಲ್ಲಿಂದಾಚೆಗೆ ಪ್ರತಿ ವರ್ಷ ವಸುಧಾ ಡೊರೊತಿಯ ಎಡಕ್ಕೆ, ನಾನು ವಸುಧಾಳ ಎಡಕ್ಕೆ. ಆ ಫೋಟೋಗಳು ನ್ಯಾಯಾಲಯದ ಗೋಡೆಯ ಮೇಲಿವೆ. ಒಂದೊಂದಾಗಿ ನೋಡುತ್ತ ಹೋದರೆ ಊರು ಕರಗುವುದು ಕಾಣುತ್ತದೆ. ಬ್ಯಾಂಕಿನವರು ಹೋದರು, ಶಾಲೆಯ ಮಕ್ಕಳು ಹೋದರು, ಅಂಚೆ ಕಚೇರಿ ದಿನಸಿ ಅಂಗಡಿಯ ಮೂಲೆ ಸೇರಿತು. ಅನಘಾ ಉದ್ದವಾಗುತ್ತ ಬಂದು ಒಂದು ವರ್ಷ ಯೂನಿವರ್ಸಿಟಿಗೆಂದು ಹೋಗಿ ಮಾಯವಾದಳು. ಅವಳಿಗೆ ಯಾರೂ ಜಾಗ ಬಿಡಲಿಲ್ಲ, ಕೀತನ ಕಾನೂನು. ಎಲ್ಲ ಫೋಟೋಗಳಲ್ಲೂ ಒಂದೇ ಥರ ಇರುವುದೆಂದರೆ ನನ್ನ ಮುಖ, ಮತ್ತು ನನ್ನ ಕಡೆಗೆ ಬಾಗಿ ಏನೋ ಹೇಳುತ್ತಿರುವ ವಸುಧಾ. ಅವಳು ಹೇಳುತ್ತಿದ್ದದ್ದು ಪ್ರತಿ ಸಲವೂ ಒಂದೇ: "ಒಲಿ ಆರಿಸೀನ್ರಿ. ಸುಮ್ಮ ನಗ್ರಿ."

ಕಳೆದ ಚಳಿಗಾಲ ವಸುಧಾ ತೀರಿಕೊಂಡಳು. ಊರಿನವರ ಗಂಟು ಗಡ್ಡೆಗಳನ್ನೆಲ್ಲ ಬೇಗ ಗುರುತಿಸುತ್ತಿದ್ದವಳು ತನ್ನದನ್ನು ತಡವಾಗಿ ಗುರುತಿಸಿದಳು. ಗ್ಯಾಸು, ಬೀಗ, ಮಾರ್ಟ್‌ಗೇಜು, ಕುರಿಗಳ ಕೆಮ್ಮು, ಎಲ್ಲದಕ್ಕೂ ಚಿಂತೆ ಮಾಡಿದ ನಾನು ಇದೊಂದಕ್ಕೆ ಚಿಂತೆ ಮಾಡಿರಲೇ ಇಲ್ಲ. ಅವಳೇ ಡಾಕ್ಟರಲ್ಲವೇ ಎಂದು ಬಿಟ್ಟುಬಿಟ್ಟಿದ್ದೆ.

ಅನಘಾ ಈಗ ಬರ್ಮಿಂಗ್‌ಹ್ಯಾಮಿನ ಪಕ್ಕದ ಸಟನ್ ಕೋಲ್ಡ್‌ಫೀಲ್ಡಿನಲ್ಲಿದ್ದಾಳೆ. ಮನೆ ಮಾರಿ ಬಾ ಎಂದು ವಸಂತದಿಂದ ಹೇಳುತ್ತಿದ್ದಾಳೆ. "ಅಪ್ಪಾ, ಪ್ಲೀಸ್, ಬಿ ಸೆನ್ಸಿಬಲ್. ಒಬ್ಬನೇ ಅಲ್ಲಿ ಏನ್ ಮಾಡ್ತೀಯ? ಆ ಊರಲ್ಲಿ ಜನಾನೇ ಇಲ್ಲ." ಅವಳು ಹೇಳುವುದು ಸರಿ. ನಾನು ಒಪ್ಪಿದೆ. ಆದರೆ ಸೆಪ್ಟೆಂಬರ್ ಕಳೆಯಲಿ ಎಂದೆ. ಡೊರೊತಿಗೂ ನನಗೂ ನಡುವೆ ಆ ಒಂದು ಜಾಗ ಖಾಲಿ ಇರುವುದನ್ನು ನಾನು ನೋಡಬೇಕಿತ್ತು. ಅದು ಗೋಡೆಯ ಮೇಲೆ ಇರಬೇಕಿತ್ತು. ಆಮೇಲೆ ಹೋಗಬಹುದು ಎಂದುಕೊಂಡಿದ್ದೆ. ವಸುಧಾ ಈ ಊರಿನವಳಾಗಿದ್ದಳು ಎನ್ನುವುದಕ್ಕೆ ಊರೇ ಹಾಕುವ ರುಜು ಅದು.

ಈ ಸಲ ನಾನು ತಡ ಮಾಡಲಿಲ್ಲ, ಎಲ್ಲರಿಗಿಂತ ಮೊದಲು ಹೋದೆ. ಡೊರೊತಿಯನ್ನು ಗಾಲಿಕುರ್ಚಿಯಲ್ಲಿ ತಂದು ಮೆಟ್ಟಿಲ ಪಕ್ಕದ ಇಳಿಜಾರಿನ ಮೇಲೆ ನಿಲ್ಲಿಸಿದರು. ಸಾಲೂ ಅವಳ ಜೊತೆ ಅಲ್ಲಿಗೇ ಸರಿಯಿತು. ಅವಳ ಎಡಕ್ಕೆ ಜಾಗ. ಅದರ ಎಡಕ್ಕೆ ನಾನು. ಎಲ್ಲರೂ ಸರಿಯಾಗಿ ಅಷ್ಟೇ ಜಾಗ ಬಿಟ್ಟುಕೊಂಡು ನಿಂತರು. ಗಾಳಿ ಆ ಸಂದಿನಲ್ಲಿ ಹಾದು ನನ್ನ ಬಲಗೈ ತಣ್ಣಗಾಗುತ್ತಿತ್ತು. ಅಷ್ಟು ವರ್ಷ ಆ ಕಡೆಯಿಂದ ಗಾಳಿ ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಕೀತ್ ಏಣಿ ಹತ್ತಿದ್ದ. ಆಗ ಚೌಕದ ಆಚೆಯಿಂದ ಓಡುತ್ತ ಒಂದು ಜೋಡಿ ಬಂತು. ಹಳೇ ಬ್ಯಾಂಕಿನ ಮೇಲಿನ ಮನೆಗೆ ಬಾಡಿಗೆಗೆ ಬಂದ ಹಾಂಗ್‌ಕಾಂಗಿನವರು, ಹೆಂಡತಿಯ ಎದೆಗೆ ಕಟ್ಟಿದ ಜೋಳಿಗೆಯಲ್ಲಿ ಮಗು. ಸಾಲುಗಳನ್ನು ನೋಡಿದರು. ಗಂಡ ಕಂಬದ ಕಡೆಗೆ ಹೊರಟ. ಹೆಂಡತಿ ಅವನ ತೋಳು ಹಿಡಿದು ಎಳೆದು ನಮ್ಮ ಕಡೆ ಕೈ ತೋರಿಸಿ ಏನೋ ಅಂದಳು. ನನಗೆ ಆ ಭಾಷೆಯ ಒಂದಕ್ಷರ ಬರುವುದಿಲ್ಲ, ಆದರೆ ಏನೆಂದಳು ಎಂಬುದು ಮಾತ್ರ ಧಾರವಾಡದ ಕನ್ನಡದಲ್ಲೇ ಕೇಳಿಸಿತು.

'ಸಾರಿ, ಸಾರಿ' ಎನ್ನುತ್ತ ಇಬ್ಬರೂ ನುಗ್ಗಿ ಬಂದು ಆ ಜಾಗದಲ್ಲಿ ನಿಂತರು.

ಊರು ಮೌನವಾಯಿತು. ಆ ಮೌನ ಈಗ ನನಗೆ ಅರ್ಥವಾಗುತ್ತದೆ. ಕೀತ್ ಏಣಿಯ ಮೇಲೆ ಬಾಯಿ ತೆರೆದ, ನನ್ನನ್ನು ನೋಡಿದ. ಡೊರೊತಿಯೂ ಕುರ್ಚಿಯಿಂದ ಬಾಗಿ ನನ್ನನ್ನೇ ನೋಡಿದಳು. ಹೇಳಬೇಕಾದ ಮಾತು ಸಿದ್ಧವಾಗಿತ್ತು: ಇಷ್ಟು ತಿಂಗಳು ಕಾದದ್ದು ಇದಕ್ಕಾಗಿ, ದಯವಿಟ್ಟು ಪಕ್ಕಕ್ಕೆ ಸರಿಯಿರಿ, ಒಂದೇ ಒಂದು ಫೋಟೋ ಸಾಕು. ಅದನ್ನು ಹೇಳಲು ನನಗೆ ಪೂರ್ತಿ ಹಕ್ಕಿತ್ತು. ಹೇಳಿದ್ದರೆ ಊರು ನನ್ನ ಕಡೆ ನಿಲ್ಲುತ್ತಿತ್ತು. ಆ ಹುಡುಗಿ ಸಾಯುವವರೆಗೂ ಈ ಮೆಟ್ಟಿಲ ಹತ್ತಿರ ಸುಳಿಯುತ್ತಿರಲಿಲ್ಲ.

ನಾನು ಮೊಣಕೈ ಒಳಕ್ಕೆ ಎಳೆದುಕೊಂಡೆ.

ಏಣಿಯ ಮೇಲಿಂದ "ಹೆಚ್ಚು!" ಎಂಬ ಕೂಗು ಬಂತು. ಕೀತನ ದನಿ ಸ್ವಲ್ಪ ಒಡೆದಿತ್ತು.

ಯಾರೋ ಹೇಳಿರಬೇಕು, ಆ ಹುಡುಗಿ ಮರುದಿನವೇ ಬಾಗಿಲಿಗೆ ಬಂದಳು. ಕೈಯಲ್ಲಿ ತಾನೇ ಮಾಡಿದ ಮೊಟ್ಟೆಯ ಟಾರ್ಟು ಎಂಬ ಸಿಹಿತಿಂಡಿಯ ಡಬ್ಬಿ, ಜೋಳಿಗೆಯಲ್ಲಿ ಮಗು, ಕಣ್ಣಲ್ಲಿ ನೀರು. "ಬಿಡಮ್ಮ," ಎಂದು ಕನ್ನಡದಲ್ಲೇ ಬಂದುಬಿಟ್ಟಿತು ಬಾಯಿಗೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ: ನನ್ನ ಹೆಂಡತಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ, ಯಾರನ್ನಾದರೂ ಎಳೆದು ತಂದು ನಿಲ್ಲಿಸುತ್ತಿದ್ದಳು. ಡೊರೊತಿಯ ಹಾಗೆ ನಾನು ಸುಳ್ಳು ಹೇಳಬೇಕಾಗಿ ಬರಲಿಲ್ಲ.

ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಟಾರ್ಟು ಮೂರು ತಿಂದೆ.

ಫೋಟೋ ಈಗ ಗೋಡೆಗೇರಿದೆ. ಅದರಲ್ಲಿ ವಸುಧಾಳ ಜಾಗ ಎಲ್ಲೂ ಇಲ್ಲ. ಅಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿರುವ ಒಂದು ಮಗು ಇದೆ, ಪಕ್ಕದಲ್ಲಿ ಅದನ್ನೇ ಬಗ್ಗಿ ನೋಡುತ್ತಿರುವ ನಾನಿದ್ದೇನೆ. ಅನಘಾ ಫೋನಿನಲ್ಲಿ, "ಸೆಪ್ಟೆಂಬರ್ ಆಯ್ತಲ್ಲಪ್ಪಾ?" ಎಂದಳು. ಮುಂದಿನ ವರ್ಷದ ಫೋಟೋವೂ ಆಗಲಿ ಎಂದೆ. ಸಟನ್ ಕೋಲ್ಡ್‌ಫೀಲ್ಡಿಗೆ ಹೋದವರಿಗೆ ಇಲ್ಲಿ ಯಾರೂ ಜಾಗ ಬಿಡುವುದಿಲ್ಲ. ಅದೂ ಅಲ್ಲದೆ ನನಗೆ ಒಂದು ಹೊಸ ಚಿಂತೆ ಶುರುವಾಗಿದೆ. ಫೋಟೋ ಸರಿಯಾಗಿ ನೋಡಿದರೆ ಗೊತ್ತಾಗುತ್ತದೆ: ಅಷ್ಟು ಗಾಳಿಯಲ್ಲಿ ಆ ಮಗುವಿನ ತಲೆಗೆ ಟೋಪಿಯೇ ಇಲ್ಲ.