ಹನ್ನೊಂದು ಮನೆಗಳ ಬಟನ್ ಅಕ್ಕ

ಚಾಚಿದ ಬೆರಳು ಅರ್ಧದಲ್ಲೇ ನಿಲ್ಲುತ್ತದೆ. ಒತ್ತಬೇಕಾದ ಬಟನ್ ಇನ್ನೂ ಒಂದು ಗೇಣು ದೂರದಲ್ಲಿದೆ. ಅದರ ಸುತ್ತಲಿನ ನೀಲಿ ದೀಪ ಮಾತ್ರ ಆಗಲೇ ಉರಿಯುತ್ತಿದೆ. ಮೇಜಿನ ಕೆಳಗೆ, ಕಂಪ್ಯೂಟರಿನ ಕಪ್ಪು ಡಬ್ಬಿಯೊಳಗೆ ಫ್ಯಾನ್ ಗುಂಯ್‌ಗುಡುತ್ತಿದೆ. ಬೆಳಗಿನ ಐದು ಗಂಟೆ. ಬಾಗಿಲ ಬೀಗ ತೆಗೆದವಳು ಅವಳೇ, ಈಗಷ್ಟೇ. ಕಿಟಕಿಗಳೆಲ್ಲ ಒಳಗಿನಿಂದ ಭದ್ರ. ಅವಳು ಬಾಗಿಲ ಹಿಂದೆ ನೋಡುತ್ತಾಳೆ, ಮಂಚದ ಕೆಳಗೆ ಬಗ್ಗುತ್ತಾಳೆ, ಪೊರಕೆಯನ್ನು ದೊಣ್ಣೆಯಂತೆ ಹಿಡಿದು ಬಚ್ಚಲಿಗೂ ಇಣುಕುತ್ತಾಳೆ. ಒಂದು ನರಪಿಳ್ಳೆಯೂ ಇಲ್ಲ.

ಫೋನಿನಲ್ಲಿ ಮನೆಯ ಯಜಮಾನರು ಕಾಯುತ್ತಿದ್ದಾರೆ.

"ಸಾರ್, ಇದು ಆಗ್ಲೇ ಆನ್ ಆಗಿದೆ."

"ಗೊತ್ತು ಅಕ್ಕ. ಒಂಬತ್ತು ದಿನದಿಂದ ಹೀಗೇ. ನಾಲ್ಕು ನಲವತ್ತಾರಕ್ಕೆ ಯಾರೋ ಆನ್ ಮಾಡ್ತಿದ್ದಾರೆ. ಕೀ ಇರೋದು ನಿಮ್ಮ ಹತ್ರ ಮಾತ್ರ."

ಅವಳು ಸೊಂಟದ ಕೀ ಗೊಂಚಲನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ.

ಐದು ಮಹಡಿಯ ಈ ಕಟ್ಟಡದ ತೊಂಬತ್ತಾರು ಮೆಟ್ಟಿಲುಗಳನ್ನು ಗುಡಿಸಿ ಒರೆಸುವುದು ಅವಳ ಕೆಲಸ. ಬಟನ್ ಒತ್ತುವ ಕೆಲಸ ನಾಲ್ಕು ವರ್ಷಗಳ ಹಿಂದೆ ತಾನಾಗಿ ಬಂದು ಅಂಟಿಕೊಂಡದ್ದು. ಹನ್ನೊಂದು ಮನೆಗಳವರು ಕಂಪ್ಯೂಟರನ್ನು ಮನೆಯಲ್ಲೇ ಬಿಟ್ಟು, ಎಲ್ಲೆಲ್ಲೋ ಕುಳಿತು ದೂರದಿಂದ ಅದರೊಳಗೆ ಹೊಕ್ಕು ದುಡಿಯುತ್ತಾರೆ. ಹಾಗೆ ಹೊಕ್ಕವರು ಕಡತ ತೆರೆಯಬಹುದು, ಗೆರೆ ಎಳೆಯಬಹುದು, ಪತ್ರ ಬರೆಯಬಹುದು. ಆರಿ ಕುಳಿತ ಯಂತ್ರವನ್ನು ಎಬ್ಬಿಸುವುದಕ್ಕೆ ಮಾತ್ರ ಒಂದು ಬೆರಳು ಬೇಕು. ಅದನ್ನೂ ದೂರದಿಂದಲೇ ಎಬ್ಬಿಸುವ ಉಪಾಯ ಇದೆಯಂತೆ. ನಾಲ್ಕು ಮನೆಯವರು ಮಾಡಿಸಿ ನೋಡಿದರು, ಹತ್ತರಲ್ಲಿ ಮೂರು ಸಲ ಅದು ಕೈಕೊಟ್ಟಿತು, ಮತ್ತೆ ಅವಳಿಗೇ ಫೋನ್ ಮಾಡಿದರು. ದಿನಕ್ಕೆ ಎಂಟು ಹತ್ತು ಕರೆ. ಕಟ್ಟಡದ ಬಾಯಲ್ಲಿ ಅವಳ ಹೆಸರೇ ಬಟನ್ ಅಕ್ಕ.

"ಒತ್ತೋದು ಅಂದ್ರೆ ಸುಮ್ನೆ ಒತ್ತೋದಲ್ಲ," ಎನ್ನುತ್ತಾಳೆ. "ಒಂದು ಮನೇದನ್ನ ಗಟ್ಟಿಯಾಗಿ ಒತ್ತಬೇಕು, ಇನ್ನೊಂದು ಮುಟ್ಟಿದ್ರೆ ಸಾಕು. ಕೂಸು ಎಬ್ಬಿಸಿದ ಹಾಗೆ, ಒಂದೊಂದಕ್ಕೆ ಒಂದೊಂದು ಗುಣ. ದೀಪ ಬಂದ ತಕ್ಷಣ ಬೆನ್ನು ತಿರುಗಿಸ್ತೀನಿ. ಪರದೆ ಮೇಲೆ ಏನಿರುತ್ತೆ ಅಂತ ಇವತ್ತಿನವರೆಗೂ ನೋಡಿಲ್ಲ."

ಫೋನಿನಲ್ಲಿದ್ದವರು ಕಟ್ಟಡಗಳ ನಕ್ಷೆ ಬರೆಯುವವರು. ಎಲ್ಲರಿಗೂ ನಕ್ಷೆ ಸಾರ್. ಕಾಯಿಲೆ ಬಿದ್ದ ತಂಗಿಯನ್ನು ನೋಡಿಕೊಳ್ಳಲು ಮೂರು ತಿಂಗಳಿಂದ ಬೇರೆ ಊರಿನಲ್ಲಿದ್ದಾರೆ. ಅವರ ಕರೆ ಬರುವುದು ದಿನವೂ ಐದೂವರೆಗೆ. ಯಂತ್ರ ತಾನು ಎದ್ದ ಹೊತ್ತನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ, ಅದನ್ನು ಓದಿ ಅನುಮಾನಗೊಂಡ ಅವರು ಈ ದಿನ ಬೇಕೆಂದೇ ಅರ್ಧ ಗಂಟೆ ಮುಂಚೆ ಕರೆದಿದ್ದಾರೆ. ಯಾರೂ ಮುಟ್ಟದಿದ್ದರೆ ಇಪ್ಪತ್ತು ನಿಮಿಷಕ್ಕೆ ಮತ್ತೆ ನಿದ್ದೆಹೋಗುವ ಯಂತ್ರವದು. ಹಾಗಾಗಿ ಇಷ್ಟು ದಿನ ಅವಳಿಗೆ ಸುಳಿವೇ ಸಿಕ್ಕಿರಲಿಲ್ಲ.

ಮಧ್ಯಾಹ್ನ ನಕ್ಷೆ ಸಾರ್ ಕಟ್ಟಡದ ಫೋನ್ ಗ್ರೂಪಿನಲ್ಲಿ, ನಿಮ್ಮ ಮನೆಗಳಲ್ಲೂ ಹೀಗಾಗಿದೆಯೇ ಎಂದು ಕೇಳುತ್ತಾರೆ. ಅವಳ ಹೆಸರೆತ್ತುವುದಿಲ್ಲ. ಎತ್ತಬೇಕಾಗಿಯೂ ಇಲ್ಲ. ಸಂಜೆಯೊಳಗೆ ಏಳು ಕೀಗಳು ಅವಳ ಗೊಂಚಲಿನಿಂದ ಹೊರಬೀಳುತ್ತವೆ.

"ಯಾರೂ ಬಯ್ಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ನಗ್ತಾ ನಗ್ತಾ ಇಸ್ಕೊಂಡ್ರು."

ಮೀಟರುಗಳ ಕೋಣೆಯ ಹಿಂದಿನ ಒಂದೇ ಕೋಣೆಯಲ್ಲಿ ಅವಳ ಸಂಸಾರ. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆಯ ಜೊತೆಗೇ ಉಳಿದ ನಾದಿನಿ ಅಲ್ಲಿ ಬಟ್ಟೆ ಹೊಲಿಯುತ್ತಾಳೆ. ಸೂಜಿ ಕೈಯಲ್ಲೂ ಇದೆ, ನಾಲಿಗೆಯಲ್ಲೂ ಇದೆ. "ಅತ್ತಿಗೆ, ನಿದ್ದೆಗಣ್ಣಲ್ಲಿ ಎದ್ದು ಹೋಗಿ ಒತ್ತಿ ಬರ್ತಿದ್ದೀಯೋ ಏನೋ. ನಿನ್ನ ಕಾಲಿಗೆ ದಾರ ಕಟ್ಟಿ ಹಿಡ್ಕೊಂಡು ಮಲಗಲಾ?"

ತಮಾಷೆಗೆ ಆಡಿದ ಮಾತು. ಆದರೆ ಎತ್ತಿದ ತುತ್ತನ್ನು ಅವಳು ತಟ್ಟೆಗೇ ಇಳಿಸುತ್ತಾಳೆ. ಇಷ್ಟೊಂದು ಜನ ಅನುಮಾನಿಸಿದರೆ ತನ್ನ ಬೆರಳನ್ನು ತಾನೇ ನಂಬುವುದು ಹೇಗೆ? ತಟ್ಟೆ ಸರಿಸಿ ನಕ್ಷೆ ಸಾರ್‌ಗೆ ಫೋನ್ ಮಾಡುತ್ತಾಳೆ. ಕೀ ಇನ್ನೊಂದೇ ದಿನ ತನ್ನ ಹತ್ತಿರ ಇರಲಿ, ಬೆಳಿಗ್ಗೆ ನೀವು ವಿಡಿಯೋದಲ್ಲಿ ಬನ್ನಿ, ಯಾರು ಬರುತ್ತಾರೋ ಇಬ್ಬರೂ ನೋಡಿಯೇ ಬಿಡೋಣ ಎನ್ನುತ್ತಾಳೆ. ಅವರು ಒಲ್ಲದ ಮನಸ್ಸಿನಿಂದ ಒಪ್ಪುತ್ತಾರೆ.

ಮರುದಿನ ಬೆಳಗಿನ ನಾಲ್ಕು ನಲವತ್ತು. ನಕ್ಷೆ ಸಾರ್ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ. ನಕ್ಷೆ ಸಾರ್ ವಿಡಿಯೋದಲ್ಲಿರುವ ಫೋನನ್ನು ನಾದಿನಿ ಟಾರ್ಚ್ ಹಾಕಿ ಹಿಡಿದು ನಿಂತಿದ್ದಾಳೆ. ಅಕ್ಕ ಕೋಣೆಯ ನಡುವೆ ಕುರ್ಚಿಯಲ್ಲಿ ಕುಳಿತು, ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಬಿಡಿಸಿಟ್ಟಿದ್ದಾಳೆ. ಮೇಜು ನಾಲ್ಕು ಹೆಜ್ಜೆ ದೂರ. ನಲವತ್ತೈದಕ್ಕೆ ಕರೆಂಟ್ ಹೋಗುತ್ತದೆ. ಇದು ದಿನದ ಪರಿಪಾಠ: ಜನರೇಟರ್ ನೆಟ್ಟಗಿದೆಯೇ ಎಂದು ಕಾವಲುಗಾರ ಬೆಳಗಾಗುವ ಮುಂಚೆ ಒಂದು ನಿಮಿಷ ಕರೆಂಟ್ ತೆಗೆದು ನೋಡುತ್ತಾನೆ. ಮೆಟ್ಟಿಲ ಮೇಲಿದ್ದರೆ ಅಕ್ಕ ಪೊರಕೆ ಊರಿಕೊಂಡು ನಿಂತು ಸೊಂಟ ನೆಟ್ಟಗೆ ಮಾಡಿಕೊಳ್ಳುವ ಹೊತ್ತು ಅದು.

ಕರೆಂಟ್ ಬರುತ್ತದೆ. ಮೇಜಿನ ಕೆಳಗೆ ಟಕ್ ಎಂಬ ಸದ್ದು. ನೀಲಿ ದೀಪ ಹತ್ತಿಕೊಳ್ಳುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಬೆಳಗುತ್ತದೆ.

ನಾದಿನಿಯ ಕೈಯಿಂದ ಫೋನ್ ಜಾರಿ ಬೀಳುತ್ತದೆ. ನೆಲದ ಮೇಲಿಂದ ನಕ್ಷೆ ಸಾರ್ ಧ್ವನಿ: "ಅಕ್ಕ, ನಿಮ್ಮ ಕೈ ಎಲ್ಲಿದೆ?"

"ಎರಡೂ ಇಲ್ಲೇ ಇವೆ ಸಾರ್."

ನಾದಿನಿ ಫೋನ್ ಎತ್ತಿಕೊಂಡು ನೋಡಿದರೆ ಅದರೊಳಗಿನ ಮುಖ ಬಿಳಿಚಿಕೊಂಡಿದೆ. ಅವರಿಗೆ ಈಗ ನೆನಪಾಗಿದೆ. ಹತ್ತು ದಿನದ ಹಿಂದೆ ಒಂದು ದಿನದ ಮಟ್ಟಿಗೆ ಬಂದಿದ್ದಾಗ, ಕರೆಂಟ್ ಹೋಗಿ ಬಂದರೆ ತಾನಾಗಿಯೇ ಆನ್ ಆಗು ಎಂದು ಕಂಪ್ಯೂಟರಿಗೆ ಹೇಳಿಹೋದವರು ಅವರೇ. ಹಗಲಲ್ಲಿ ಕರೆಂಟ್ ಕೈಕೊಟ್ಟರೆ ಅಕ್ಕ ಇನ್ನೊಮ್ಮೆ ಮಹಡಿ ಹತ್ತುವುದು ಬೇಡ ಎಂಬ ಕರುಣೆಯಿಂದ. ತಂಗಿಯ ಜ್ವರದ ಗಡಿಬಿಡಿಯಲ್ಲಿ ಅದು ಮರೆತೇಹೋಗಿದೆ.

"ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತಂತೆ," ಎಂದು ನಾದಿನಿ ಕಂಪ್ಯೂಟರಿನ ಕಡೆ ನೋಡಿಕೊಂಡು, ಫೋನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾಳೆ.

ನಕ್ಷೆ ಸಾರ್ ಗ್ರೂಪಿನಲ್ಲಿ ತಪ್ಪೊಪ್ಪಿಕೊಂಡಿದ್ದಾರೆ. ಏಳು ಕೀಗಳೂ ಹಿಂದಿರುಗಿವೆ, ನಗುನಗುತ್ತಲೇ. ಅಕ್ಕ ಎಲ್ಲವನ್ನೂ ಇಸಿದುಕೊಂಡಿದ್ದಾಳೆ, ತಾನು ಮಾತ್ರ ನಕ್ಕಿಲ್ಲ. ನಕ್ಷೆ ಸಾರ್ ಮನೆಯ ಕೀಯನ್ನು ಅಂದೇ ಬೆಳಿಗ್ಗೆ ಕಾವಲುಗಾರನ ಮೇಜಿನ ಮೇಲಿಟ್ಟು ಬಂದವಳು ಇನ್ನೂ ತೆಗೆದುಕೊಂಡಿಲ್ಲ.

ಮೂರನೆಯ ದಿನ ಅವರೇ ಫೋನ್ ಮಾಡುತ್ತಾರೆ. ಮತ್ತೊಮ್ಮೆ ಕ್ಷಮೆ ಕೇಳುತ್ತಾರೆ, ಅಳುಕಿನಲ್ಲಿ ಮಾತು ತೊದಲುತ್ತದೆ. ಇನ್ನು ಯಾರೂ ಅವಳತ್ತ ಬೆರಳು ತೋರಿಸದ ಹಾಗೆ ಒಂದು ದಾರಿ ಹುಡುಕಿದ್ದಾರೆ. "ನಿಮ್ಮ ಒಳ್ಳೇದಕ್ಕೇ ಅಕ್ಕ. ಕಂಪ್ಯೂಟರ್ ಮೇಲೆ ಒಂದು ಸಣ್ಣ ಕ್ಯಾಮರಾ ಹಾಕಿಸಿಬಿಡ್ತೀನಿ."

ಮೆಟ್ಟಿಲ ಮೇಲೆ ಒದ್ದೆ ಬಟ್ಟೆ ಹಿಡಿದು ನಿಂತ ಅಕ್ಕ ಕೊನೆಯವರೆಗೂ ಕೇಳಿಸಿಕೊಳ್ಳುತ್ತಾಳೆ.

"ಬೇಡ ಸಾರ್. ನಂಬಿಕೆ ನನ್ನ ಮೇಲಿದ್ರೆ ಕೀ ನನಗೆ ಕೊಡಿ. ಕ್ಯಾಮರಾ ಮೇಲಿದ್ರೆ, ಬಟನ್ ಒತ್ತೋಕೂ ಅದಕ್ಕೇ ಹೇಳಿ."