ಬಂದ ಬಾಗಿಲಲ್ಲಿ ಹಿಂದಿರುಗದ ಬದರಿನಾಥರು

ಚೆನ್ನೈ ಮಹಾನಗರದ ಅಗ್ನಿಶಾಮಕ ಸೇವೆಗೆ ಸಾಮಾನ್ಯ ಫೈರ್‌ಮನ್ ಆಗಿ ಸೇರಿ, ಮೂರು ದಶಕಗಳಿಗೂ ಮೀರಿ ದುಡಿದು, ಠಾಣಾಧಿಕಾರಿಯಾಗಿ ನಿವೃತ್ತರಾಗಿರುವ ಶ್ರೀ ಬದರಿನಾಥರು ಬೆಂಕಿಗೆ ಎಂದೂ ಬೆನ್ನು ತೋರಿಸಿದವರಲ್ಲ; ಆದರೆ ಮನೆ, ಮದುವೆ ಛತ್ರ, ಹೋಟೆಲುಗಳ ಹಿಂಬಾಗಿಲಿನಿಂದ ಜಾರಿಕೊಂಡವರೆಂಬ ಕೀರ್ತಿಯನ್ನು ಅವರಷ್ಟು ಗಳಿಸಿದವರು ಈ ಊರಿನ ಕನ್ನಡಿಗರಲ್ಲಿ ಇನ್ನೊಬ್ಬರಿಲ್ಲ. ಹೋದಲ್ಲೆಲ್ಲ ಬಂದ ಬಾಗಿಲಿನಿಂದ ಹಿಂದಿರುಗಬಾರದೆಂಬುದು ಅವರ ನೇಮ. ಕಟ್ಟಡಕ್ಕೆ ಇನ್ನೊಂದು ದಾರಿಯಿದೆಯೇ, ಇದ್ದರೆ ಅದು ತೆರೆಯುತ್ತದೆಯೇ ಎಂಬುದನ್ನು ಸ್ವತಃ ನಡೆದು ನೋಡದೆ ಅವರಿಗೆ ಉಂಡ ಅನ್ನ ಅರಗದು. ಮುಂಬಾಗಿಲಲ್ಲಿ ಬಿಟ್ಟ ಚಪ್ಪಲಿಗಾಗಿ ಬರಿಗಾಲಲ್ಲಿ ಇಡೀ ಕಟ್ಟಡವನ್ನು ಸುತ್ತಿ ಬರುವ ಅವರಿಗೆ 'ಪ್ರದಕ್ಷಿಣೆ ಬದರಿ' ಎಂದು ಹೆಸರಿಟ್ಟ ಮಹನೀಯರು ಈ ಅಭಿನಂದನ ಸಂಪುಟದ ಸಂಪಾದಕ ಮಂಡಳಿಯಲ್ಲೂ ಇದ್ದಾರೆ.

ಚಾಮರಾಜನಗರದ ಕಡೆಯಿಂದ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಕೆಲಸಕ್ಕೆ ಬಂದ ತಂದೆಯ ಮಗನಾದ ಬದರಿನಾಥರು ಖಾಕಿ ತೊಟ್ಟ ಕೆಲವೇ ವರ್ಷಗಳಲ್ಲಿ ಟಿ. ನಗರದ ಒಂದು ಮನೆಗೆ ಹೆಣ್ಣು ನೋಡಲು ಹೋದರು. ಕೇಸರಿಭಾತು ತಿಂದು, ಹುಡುಗಿಯನ್ನು ನೋಡಿ, ಹಿರಿಯರಿಗೆ ಕೈಮುಗಿದ ವರಮಹಾಶಯರು ನೇರವಾಗಿ ಅಡುಗೆಮನೆಗೆ ನುಗ್ಗಿ ಹಿತ್ತಲಿನಿಂದ ಮಾಯವಾದರು. "ಅಯ್ಯೋ, ಹುಡುಗ ಹಿತ್ತಲಿಂದ ಓಡ್ಹೋದ ಕಣ್ರೀ," ಎಂದು ಹುಡುಗಿಯ ತಾಯಿ ನಾಗರತ್ನಮ್ಮನವರು ತಲೆಯ ಮೇಲೆ ಕೈಹೊತ್ತು ಕೂತರು. ಅಷ್ಟರಲ್ಲಿ ಹುಡುಗ ಮುಂಬಾಗಿಲಲ್ಲಿ ಪ್ರತ್ಯಕ್ಷನಾಗಿ, ಚಪ್ಪಲಿ ಮೆಟ್ಟುತ್ತ, "ಹಿತ್ತಲ ಬಾಗಿಲ ಚಿಲಕ ತುಕ್ಕು ಹಿಡಿದಿದೆ, ಎಣ್ಣೆ ಬಿಡಿಸಿ ಅಮ್ಮ," ಎಂದನಂತೆ. ಒಳಗಿದ್ದ ಹುಡುಗಿಗೆ ನಗು ತಡೆಯಲಾಗಲಿಲ್ಲ. ಆ ಹುಡುಗಿಯೇ ಶ್ರೀಮತಿ ಜಯಲಕ್ಷ್ಮೀ. ಮುಂದೆ ವರ್ಷಾನುವರ್ಷ ದೀಪಾವಳಿಯ ಎಣ್ಣೆಸ್ನಾನಕ್ಕೆ ಗಂಡನಿಲ್ಲದೆ, ಬಂದ ಮೇಲೆ ಹೊಗೆ ನಾತದ ಅಂಗಿಯನ್ನು ಮೂರು ನೀರಿನಲ್ಲಿ ಒಗೆದು, ಅವರು ಆ ನಗುವನ್ನು ಉಳಿಸಿಕೊಂಡೇ ಬಂದಿದ್ದಾರೆ.

ದೀಪಾವಳಿ ಊರಿಗೆಲ್ಲ ಹಬ್ಬವಾದರೆ ಅಗ್ನಿಶಾಮಕ ಠಾಣೆಗೆ ಪರೀಕ್ಷೆ. ತೊಂಬತ್ತರ ದಶಕದ ಕೊನೆಯಲ್ಲಿ ಎಣ್ಣೂರಿನ ಮೀನುಗಾರರ ಕೇರಿಯೊಂದರಲ್ಲಿ ರಾಕೆಟ್ಟು ಬಿದ್ದು ಗುಡಿಸಲುಗಳು ಹತ್ತಿಕೊಂಡವು. ದಾರಿಗಡ್ಡ ನಿಂತ ಗಾಡಿಗಳನ್ನು ತಳ್ಳಿಸಿ, ನೂರು ಬಾಯಿಯ ಸಲಹೆಗಳನ್ನು ಕೇಳಿಸಿಕೊಂಡು, ಬದರಿನಾಥರ ತಂಡ ಜನರನ್ನೆಲ್ಲ ಹೊರಗೆ ತಂದಿತು. ಬೆಂಕಿ ತಗ್ಗಿದ ಮೇಲೂ ಮುದುಕಿಯೊಬ್ಬಳು "ಎನ್ ಇಡ್ಲಿ ಪಾನೈ, ಸಾರ್," ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಬದರಿನಾಥರು ಹೊಗೆಯಾಡುತ್ತಿದ್ದ ಬೂದಿಯಲ್ಲಿ ತಡಕಾಡಿ ಆ ಇಡ್ಲಿ ಪಾತ್ರೆಯನ್ನು ಹುಡುಕಿ ತಂದು, ಬೀದಿ ನಲ್ಲಿಯಲ್ಲಿ ತಾವೇ ತಿಕ್ಕಿ ತೊಳೆದುಕೊಟ್ಟರು. ಅದೇಕೆಂದು ಸಹೋದ್ಯೋಗಿಗಳು ಕೇಳಿದ್ದಕ್ಕೆ, "ನಾಳೆ ಬೆಳಿಗ್ಗೆ ಆಯಮ್ಮ ಒಲೆ ಮೇಲೆ ಏನಿಡಬೇಕು?" ಎಂದಷ್ಟೇ ಕೇಳಿದರು.

ಅವರು ಪುರಸೈವಾಕ್ಕಂ ಭಾಗದ ಠಾಣೆಗೆ ಅಧಿಕಾರಿಯಾಗಿ ಬಂದದ್ದು ಆ ಬೀದಿಗಳ ಭಾಗ್ಯ. ಅವರ ನಾಲಗೆಯ ಭಾಗ್ಯವೂ ಹೌದು. ಕುಂದಾಪುರದ ಕಡೆಯ ಕೃಷ್ಣರಾಜರೂ ಅವರ ಮಡದಿ ಅಮ್ಮಣ್ಣಿಯವರೂ ನಡೆಸುತ್ತಿದ್ದ ಹೋಟೆಲು ಅಲ್ಲಿತ್ತು. ಗೋಳಿಬಜೆಗೂ ಕಾಫಿಗೂ ಸೋತ ಬದರಿನಾಥರು ದಿನವೂ ಮುಂಬಾಗಿಲಿನಿಂದ ಬಂದು, ಅಡುಗೆಮನೆಯ ಹಿಂಬಾಗಿಲಿನಿಂದ ಗಲ್ಲಿಗಿಳಿದು ಹೋಗುವರು. ಈ ದಾರಿಯಲ್ಲೇ ಕೃಷ್ಣರಾಜರಿಗೂ ಅವರಿಗೂ ಅಣ್ಣತಮ್ಮಂದಿರಂಥ ಸ್ನೇಹ ಬೆಳೆಯಿತು. ಇಂಥ ಸ್ನೇಹವನ್ನು ಒಂದು ಗ್ರೈಂಡರು ಮುರಿಯಿತೆಂದರೆ ಯಾರು ನಂಬುತ್ತಾರೆ?

ಒಂದು ದಿನ ಬದರಿನಾಥರು ಕಾಫಿ ಮುಗಿಸಿ ಎಂದಿನಂತೆ ಒಳಗೆ ನಡೆದರೆ ಹಿಂಬಾಗಿಲಿಗೆ ಬೀಗ ಬಿದ್ದಿದೆ, ಅದಕ್ಕಡ್ಡಲಾಗಿ ಆನೆಗಾತ್ರದ ಹಿಟ್ಟಿನ ಗ್ರೈಂಡರು ಕೂತಿದೆ.

"ಎಂತ ಮಾಡುದು ಮಾರಾಯ್ರೆ," ಎಂದರು ಕೃಷ್ಣರಾಜರು. "ನೈಋತ್ಯದ ಬಾಗಿಲು ತೆರೆದಿಟ್ರೆ ಲಕ್ಷ್ಮಿ ನಿಲ್ಲುದಿಲ್ಲ ಅಂತ ವಾಸ್ತುವಿನವರು ಹೇಳಿದ್ರು. ಆಚೆ ಹೊಸ ಹೋಟ್ಲು ಬಂದ ಮೇಲೆ ನಮ್ಮ ವ್ಯಾಪಾರ ನೀವೇ ಕಾಣ್ತಾ ಇದ್ದೀರಲ್ಲ."

"ಲಕ್ಷ್ಮಿ ನಿಲ್ಲಲಿ, ಬೇಡ ಅನ್ನಲ್ಲ. ಮುಂದ್ಗಡೆ ಬೆಂಕಿ ಬಿದ್ರೆ ನಿಮ್ಮ ಹುಡುಗ್ರು, ಊಟಕ್ಕೆ ಬಂದವ್ರು ಎಲ್ಲಿಂದ ಹೋಗ್ಬೇಕು ಕೃಷ್ಣರಾಜರೇ?"

"ಇಷ್ಟು ವರ್ಷ ಬಿದ್ದಿಲ್ಲ."

"ಬೀಳೋ ದಿನ ಅದು ಹೇಳಿ ಕಳಿಸಲ್ಲ."

ನೋಟಿಸು ಕೊಡುವ ಅಧಿಕಾರ ಬದರಿನಾಥರ ಕೈಯಲ್ಲಿತ್ತು. ಆದರೆ ನೋಟಿಸಿಗೆ ಹೆದರಿ ತೆರೆದ ಬಾಗಿಲು ಅಧಿಕಾರಿ ಬೆನ್ನು ತಿರುಗಿಸಿದೊಡನೆ ಮುಚ್ಚಿಕೊಳ್ಳುವುದನ್ನು ಅವರು ಊರ ತುಂಬ ಕಂಡಿದ್ದರು. ಒಡೆಯನ ಮನಸ್ಸು ತೆರೆದರಷ್ಟೇ ಅದು ತೆರೆದಿರುತ್ತದೆಂದು ನಂಬಿದ್ದರು. "ಆ ಗ್ರೈಂಡರ್ ಏಳೋ ತನಕ ನಿಮ್ಮಲ್ಲಿ ಒಂದು ತೊಟ್ಟು ಕಾಫಿ ಮುಟ್ಟಲ್ಲ," ಎಂದು ಹೇಳಿ, ಅಂದು ಮೊದಲ ಬಾರಿಗೆ ಬಂದ ಬಾಗಿಲಿನಿಂದಲೇ ಹೊರಟುಹೋದರು. ಕೃಷ್ಣರಾಜರಿಗೆ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮರುದಿನದಿಂದ ಬದರಿನಾಥರು ಎದುರಿನ ಟೀ ಅಂಗಡಿಯಲ್ಲಿ, ಗಲ್ಲಾದಲ್ಲಿ ಕೂತ ಕೃಷ್ಣರಾಜರ ಕಣ್ಣಿಗೆ ನೇರವಾಗಿ ಬೀಳುವಂತೆ ನಿಂತು, ಮುಖ ಹಿಂಡಿಕೊಂಡು ಟೀ ಕುಡಿಯತೊಡಗಿದರು. ಇವರಿಗೆ ಆ ಟೀ ಇಳಿಯದು. ಅವರಿಗೆ ಗಲ್ಲಾದಲ್ಲಿ ಕೂರಲಾಗದು. ಇಬ್ಬರೂ ಹಟಮಾರಿಗಳು, ಇಬ್ಬರಿಗೂ ಸಂಕಟ. ನಡುವೆ ಪಂಚಾಯ್ತಿಗೆ ಹೋದ ನಮ್ಮ ಕನ್ನಡ ಸಂಘದವರಿಗೆ ಒಂದು ಕಡೆ ಕಾಫಿ, ಇನ್ನೊಂದು ಕಡೆ ಟೀ ಸಿಕ್ಕಿತೇ ಹೊರತು ರಾಜಿ ಸಿಗಲಿಲ್ಲ.

ಹೀಗಿರುತ್ತ ಆಯುಧಪೂಜೆ ಬಂತು. ಠಾಣೆಯ ನೀರಿನ ವಾಹನಗಳಿಗೆ ಗಂಧ, ಕುಂಕುಮ, ಚೆಂಡುಹೂವಿನ ಹಾರ. ಮುಂದಿನ ಎರಡು ಮೂಲೆಗೂ ಬಾಳೆಗಿಡ. ಬೂದುಗುಂಬಳ ಒಡೆದು ಎಲ್ಲರೂ ಕಡಲೆಪುರಿಗೆ ಕೈಚಾಚುವ ಹೊತ್ತಿಗೆ ದೂರವಾಣಿ ರಿಂಗಣಿಸಿತು. ಕೃಷ್ಣರಾಜರ ಹೋಟೆಲಿನ ಮುಂಬಾಗಿಲಿಗೆ ಬೆಂಕಿ ಬಿದ್ದಿತ್ತು. ಬಾಳೆಗಿಡ ಬಿಚ್ಚಲು ಹೋದ ಚಾಲಕನಿಗೆ "ಇರುಕ್ಕಟ್ಟುಂಪಾ, ವಂಡಿಯೆ ಎಡು," ಅದಿರಲಿ, ಗಾಡಿ ತೆಗೆ ಎಂದು ಬದರಿನಾಥರು ಹಾರಿ ಕೂತರು.

ಆ ದಾರಿಯುದ್ದಕ್ಕೂ ಅವರ ಕಣ್ಣ ಮುಂದೆ ಇದ್ದದ್ದು ಬೆಂಕಿಯಲ್ಲ, ಗ್ರೈಂಡರು. ಹಬ್ಬದ ಊಟಕ್ಕೆ ಕೂತ ಮಂದಿ, ಮುಂದೆ ಉರಿ, ಹಿಂದೆ ಬೀಗ. ನೋಟಿಸು ಕೊಡಬೇಕಿತ್ತು, ಕಾಫಿ ಬಿಟ್ಟು ಹಟ ಹಿಡಿದವನು ನಾನೆಂಥ ಅಧಿಕಾರಿ ಎಂದು ತಮ್ಮನ್ನು ತಾವೇ ಶಪಿಸಿಕೊಂಡರು.

ಅಲಂಕಾರದ ಸೀರಿಯಲ್ ದೀಪದಿಂದ ಕಿಡಿ ಹಾರಿ, ಬಣ್ಣದ ಬಟ್ಟೆಯ ಚಪ್ಪರವೂ ಬಾಗಿಲೂ ಧಗಧಗ ಉರಿಯುತ್ತಿದ್ದವು. ಮುಂದೆ ನೀರು ಹಾಯಿಸಲು ತಂಡಕ್ಕೆ ಹೇಳಿ, ಬಾಗಿಲೊಡೆಯುವ ಕೊಡಲಿ ಹಿಡಿದು ಅವರು ಗಲ್ಲಿಗೆ ಓಡಿದರು. ಹಿಂಬಾಗಿಲು ಹಾರುಹೊಡೆದಿತ್ತು. ಗಲ್ಲಿಯ ತುಂಬ ಜನ, ಎಲ್ಲರೂ ಬರಿಗಾಲಲ್ಲಿ, ಒಬ್ಬಿಬ್ಬರು ಹೋಳಿಗೆಯನ್ನೂ ಬಿಡದೆ ಕೈಯಲ್ಲಿ ಹಿಡಿದು ನಿಂತಿದ್ದರು.

"ಒಳಗೆ ಯಾರಿಲ್ಲ ಬದರಿಯಣ್ಣ," ಎಂದರು ಅಮ್ಮಣ್ಣಿಯವರು. "ನಾನೇ ಕಡೆಗೆ ಬಂದದ್ದು."

"ಗ್ರೈಂಡರ್ ಎಲ್ಲಿ ಅಕ್ಕಾ?"

"ಪೂಜೆಗೆ ಅಂತ ತೊಳೆದು ಹೊರಗೆ ತೆಗೆಸಿದ್ದೆ. ತಿರುಗಿ ಅಲ್ಲಿ ಇಡ್ಲಿಕ್ಕೆ ನಾನು ಬಿಡ್ಲಿಲ್ಲ. ಹೋಗುವ ಲಕ್ಷ್ಮಿ ಮುಂದಿನ ಬಾಗಿಲಲ್ಲೂ ಹೋಗ್ತಾಳೆ, ನಮ್ಮ ಮಕ್ಕಳಿಗೆ ದಾರಿ ಬೇಡ್ವಾ ಅಂತ ಇವರಿಗೆ ಹೇಳಿದೆ. ಬೀಗದ ಕೈ ಇವರೇ ತಂದುಕೊಟ್ರು. ನಾಳೆ ನಿಮ್ಮನ್ನು ಕಾಫಿಗೆ ಕರೆಯುವ ಅಂತ ಇದ್ರು."

ಕೊಡಲಿಯನ್ನು ಗೋಡೆಗಾನಿಸಿ ಬದರಿನಾಥರು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು, ಹೊಗೆಯ ನೆಪ ಹೇಳಲು ಆ ಗಲ್ಲಿಯಲ್ಲಿ ಹೊಗೆಯೂ ಇರಲಿಲ್ಲ. ಕೃಷ್ಣರಾಜರು ಬಂದು ಪಕ್ಕದಲ್ಲಿ ಕೂತರು. ಒಬ್ಬರಿಗೂ ಒಂದು ಬೊಬ್ಬೆ ಎದ್ದಿರಲಿಲ್ಲ. ಪೂಜೆಗೆಂದು ಮುಂದೆ ಕಳಚಿಟ್ಟ ಚಪ್ಪಲಿಗಳು ಮಾತ್ರ ಒಂದೂ ಉಳಿಯದೆ ಸುಟ್ಟು ಕರಕಲಾಗಿದ್ದವು. ಬಾಳೆಗಿಡ ಕಟ್ಟಿಕೊಂಡು ಬೆಂಕಿ ಆರಿಸಲು ಬಂದ ವಾಹನವನ್ನು ನೋಡಿ, "ಮದುವೆ ದಿಬ್ಬಣ ಬಂತು," ಎಂದು ಹೋಳಿಗೆಯವರು ಯಾರೋ ನಕ್ಕರು. ಆಮೇಲೆ ಗಲ್ಲಿಗೆ ಗಲ್ಲಿಯೇ ನಕ್ಕಿತು.

ಹೋಟೆಲು ಹೊಸ ಮುಂಬಾಗಿಲಿನೊಂದಿಗೆ ಮತ್ತೆ ತೆರೆಯಿತು, ವ್ಯಾಪಾರವೂ ಕುದುರಿತು. ಬದರಿನಾಥರ ಕಥೆ ಕೇಳಿದ ಅಕ್ಕಪಕ್ಕದ ಜವಳಿ ಅಂಗಡಿಯವರೂ ಹಿಂದಿನ ದಾರಿಗಳಿಂದ ತಮ್ಮ ಮೂಟೆಗಳನ್ನು ಎತ್ತಿದರು. ಯಾವ ಪದಕಕ್ಕಿಂತಲೂ ಇದು ದೊಡ್ಡದೆಂದು ಬದರಿನಾಥರು ಎಣಿಸುತ್ತಾರೆ.

2008ರಲ್ಲಿ ಅವರು ನಿವೃತ್ತರಾದಾಗ ಅದೇ ಹೋಟೆಲಿನಲ್ಲಿ ನಮ್ಮ ಸಂಘ ಅವರಿಗೆ ಬಾಳೆಲೆಯ ಊಟ ಹಾಕಿತು. ನೆಲದ ಮೇಲೆ ಪಂಕ್ತಿ, ಚಪ್ಪಲಿಗಳೆಲ್ಲ ಮುಂದೆ ಹೊರಗೆ. ಊಟವಾಗಿ, ಶಾಲು ಹೊದಿಸಿ, ಹಾರ ಹಾಕಿ, ನಾದಸ್ವರದವರು ಮುಂಬಾಗಿಲಲ್ಲಿ ಸಜ್ಜಾಗಿ ನಿಂತರೆ, ಸನ್ಮಾನಿತರು ಅಭ್ಯಾಸದಂತೆ ಅಡುಗೆಮನೆಯ ಕಡೆ ತಿರುಗಿದರು. ಮೊದಲು ಜಯಲಕ್ಷ್ಮೀಯವರು, ಆಮೇಲೆ ನಾವೆಲ್ಲರೂ, ಕೊನೆಗೆ ವಾದ್ಯದವರೂ ಒಲೆಗಳ ನಡುವೆ ಅವರ ಹಿಂದೆ ನಡೆದೆವು. ಹಿಂಬಾಗಿಲ ಹೊಸ್ತಿಲಾಚೆ ಬದರಿನಾಥರು ಗಕ್ಕನೆ ನಿಂತರು. ಗಲ್ಲಿಯ ಮೆಟ್ಟಿಲ ಮೇಲೆ ಅವರ ಚಪ್ಪಲಿ ಜೋಡಿಸಿಟ್ಟಿತ್ತು. ಪಕ್ಕದಲ್ಲಿ ಕೃಷ್ಣರಾಜರು ಕೈಕಟ್ಟಿ ನಿಂತಿದ್ದರು.

"ಸುತ್ತಿ ಬರುದೆಲ್ಲ ಸಾಕು ಮಾರಾಯ್ರೆ," ಎಂದರು.

ಶ್ರೀ ಬದರಿನಾಥರು ಜಯಲಕ್ಷ್ಮೀಯವರೊಡನೆ ಆರೋಗ್ಯವಾಗಿ, ನಗುನಗುತ್ತ ನೂರ್ಕಾಲ ಬಾಳಲಿ. ಈಗ ಸಿಕ್ಕ ಬಿಡುವಿನಲ್ಲಿ ನಮ್ಮ ಮನೆ, ಛತ್ರ, ಅಂಗಡಿಗಳಿಗೆಲ್ಲ ಬಂದು ಉಂಡು ಹೋಗುತ್ತಿರಲಿ. ಅವರು ಹೋದಲ್ಲೆಲ್ಲ ಹಿಂದಿನ ಚಿಲಕಕ್ಕೆ ಎಣ್ಣೆ ಬಿದ್ದಿರಲಿ, ಅವರ ಚಪ್ಪಲಿ ಹಿಂಬಾಗಿಲಲ್ಲೇ ಕಾದಿರಲಿ.